ಅಟ್ಟೆಯೊಳಗಿನ ಬೀಜ

ಮಿರಜ್ ಸ್ಟೇಶನ್

ಪರದೇಶಕ್ಕೆ ಹೊರಟವರಿಗೆ ಮನೆಮಂದಿ ಏನೇನೋ ತರಲು ಹೇಳಿ ಕಳಿಸುತ್ತಾರೆ. ನಮ್ಮಪ್ಪ ಹೇಳಿದ್ದು ಒಂದೇ ಮಾತು. ಅಥಣಿಯಿಂದ ಕಾಗವಾಡ ದಾಟಿ ಮಿರಜ್ ಸ್ಟೇಶನ್ನಿನವರೆಗೂ ಜೀಪಿನಲ್ಲಿ ಜೊತೆಗೆ ಬಂದು, ಗಾಡಿ ಹೊರಡುವ ಹೊತ್ತಿಗೆ ಕಿಟಕಿಯ ಸರಳು ಹಿಡಿದುಕೊಂಡು ಹೇಳಿದ.

"ಆ ಬೂಟಿನ ಅಟ್ಟ್ಯಾಗ ಯಾವ ಬೀಜಾ ಹಾಕ್ತಾರ, ಕೇಳ್ಕೊಂಡ ಬಾ ಸುನಂದಾ. ಮರೀಬ್ಯಾಡ."

"ಆತಪ್ಪಾ," ಎಂದೆ. ಉತ್ತರ ನನಗೆ ಆಗಲೇ ಗೊತ್ತಿತ್ತು. ಆ ಅಟ್ಟೆಯೊಳಗೆ ಬೀಜವೇ ಇರುವುದಿಲ್ಲ. ಗೊತ್ತಿದ್ದೂ ಇಪ್ಪತ್ನಾಲ್ಕು ವರ್ಷ ಬಾಯಿ ಬಿಡದೆ ಕೂತವಳು ನಾನು.

ನಮ್ಮದು ಅಥಣಿಯಲ್ಲಿ ಚಪ್ಪಲಿ ಹೊಲಿಯುವ ಮನೆತನ. ನಾವು ಹೊಲಿದದ್ದು ಗಡಿಯಾಚೆಯ ಕೊಲ್ಹಾಪುರದ ಹೆಸರಿನಲ್ಲಿ ಲೋಕವೆಲ್ಲ ತಿರುಗುತ್ತದೆ. ನಾನು ಮಾತ್ರ ಓದಿಕೊಂಡು ರಾಯಬಾಗದ ಅಂಚೆ ಕಚೇರಿಯಲ್ಲಿ ಕೆಲಸ ಹಿಡಿದೆ. ಕಸ್ತೂರಿ ವೈನಿ, ಎಂದರೆ ನನ್ನ ಅಣ್ಣನ ಹೆಂಡತಿ, ಚಪ್ಪಲಿಯ ಮೇಲಿನ ಚರ್ಮದ ವೇಣಿ ಹೆಣೆಯುವುದರಲ್ಲಿ ಗಟ್ಟಿಗಿತ್ತಿ. ದಕ್ಷಿಣ ಕೊರಿಯಾದ ಬುಸಾನ್ ಎಂಬ ಊರಿನಲ್ಲಿ ನಡೆಯುವ ಕೈಹೊಲಿಗೆಯ ಪಾದರಕ್ಷೆಗಳ ಮೇಳಕ್ಕೆ ಆಕೆಯನ್ನು ಆರಿಸಿದ್ದರು. ಆಕೆಗೆ ಬರುವುದು ಕನ್ನಡ, ಮರಾಠಿ. ನನಗೆ ಅಂಚೆ ಕಚೇರಿಯಷ್ಟು ಇಂಗ್ಲಿಷ್ ಬರುತ್ತದೆ. ಹೀಗೆ ಆಕೆಯ ಬಾಯಿಯಾಗಿ ನಾನು ಹೊರಟೆ.

ಬೀಜದ ಸಂಗತಿ ಹೇಳಬೇಕು. ಚಪ್ಪಲಿಯ ಅಟ್ಟೆಯಲ್ಲಿ ಎರಡು ಪದರ ಚರ್ಮದ ನಡುವೆ ವಿಂಚು ಎಂಬ ಗಿಡದ ಬೀಜ ಇಟ್ಟು ಹೊಲಿದರೆ, ಹೆಜ್ಜೆ ಹಾಕಿದಾಗೆಲ್ಲ ಕರಕರ ಸದ್ದು ಬರುತ್ತದೆ. ಹಿಂದಿನ ಗೌಡರಿಗೆ ಆ ಸದ್ದೆಂದರೆ ಜೀವ. ಓಣಿಯ ತುದಿಯಲ್ಲಿ ಯಾರು ಬರುತ್ತಿದ್ದಾರೆ ಎನ್ನುವುದಷ್ಟೇ ಅಲ್ಲ, ಚಪ್ಪಲಿ ಯಾರ ಕೈಯದು ಎನ್ನುವುದೂ ಕಿವಿಗೇ ತಿಳಿಯುತ್ತಿತ್ತು. ನಮ್ಮವರು ಚಪ್ಪಲಿಯ ಮೇಲೆ ಹೆಸರು ಹಾಕುವುದಿಲ್ಲ. ಅಪ್ಪನ ಸಹಿ ಆ ಸದ್ದಿನಲ್ಲೇ ಇತ್ತು.

ಇನ್ನು ಬೂಟು. ಅಮೆರಿಕದ ಒಬ್ಬ ಬಾಸ್ಕೆಟ್‌ಬಾಲ್ ಆಟಗಾರನ ಹೆಸರಿನಲ್ಲಿ ಒಂದು ಬೂಟು ಬಂದು ಲೋಕವನ್ನೇ ಹುಚ್ಚು ಹಿಡಿಸಿತು. ಅವನ ಹೆಸರು ಈ ಬರಹದಲ್ಲಿ ಬರುವುದಿಲ್ಲ. ಅದನ್ನು ಬರೆದವರು ಬೇಕಾದಷ್ಟು ಜನರಿದ್ದಾರೆ. ನಾನು ಒಂಬತ್ತನೇ ತರಗತಿಯಲ್ಲಿ ಬಾಸ್ಕೆಟ್‌ಬಾಲ್ ಆಡುತ್ತಿದ್ದೆ, ಬರಿಗಾಲಿನಲ್ಲಿ. ಪೀಟಿ ಮಾಸ್ತರರು ಒಂದು ಪತ್ರಿಕೆಯ ಹಾಳೆ ಹರಿದುಕೊಟ್ಟು, "ಆಟಗಾರರು ಹಾಕೋ ಬೂಟ್ ಅಂದ್ರ ಇಂಥಾದ್ದು ನೋಡ," ಎಂದಿದ್ದರು. ಅಪ್ಪ ಆ ಹಾಳೆಯನ್ನು ಗೋಡೆಗೆ ಅಂಟಿಸಿದ. ಹೋಟೆಲಿನ ಟೀವಿಯಲ್ಲಿ ಆ ಆಟ ಬಂದಾಗ ಹೋಗಿ ನಿಂತು ನೋಡಿದ. ಆಟಗಾರರು ತಿರುಗಿದಾಗೆಲ್ಲ ಅವರ ಬೂಟುಗಳು ಕಿರ್ರೆನ್ನುತ್ತಿದ್ದವು. ಅಪ್ಪ ಮನೆಗೆ ಓಡಿಬಂದು ಹೇಳಿದ, "ಅವರೂ ವಿಂಚು ಹಾಕ್ಯಾರ! ನಾ ಕಿವೀಲೆ ಕೇಳಿ ಬಂದೀನಿ!"

ನನಗೆ ಅಂಥದೇ ಬೂಟು ಹೊಲಿಯಲು ಅವನಿಗೆ ಮೂರು ತಿಂಗಳು ಹಿಡಿಯಿತು. ಜಾಲಿಯ ತೊಗಟೆಯಲ್ಲಿ ಹದ ಮಾಡಿದ ಎಮ್ಮೆಯ ಚರ್ಮ, ಕೆಂಪು ಬಣ್ಣ, ಚರ್ಮದ ದಾರದ ಹೊಲಿಗೆ, ಅಟ್ಟೆಯೊಳಗೆ ವಿಂಚು. ಆಮೇಲೆ ಅಟ್ಟೆಯ ತಳವನ್ನು ಕಲ್ಲಿನಿಂದ ಉಜ್ಜಿ ಉಜ್ಜಿ ಮುಖ ಕಾಣುವಷ್ಟು ನುಣ್ಣಗೆ ಮಾಡಿದ. ಒಳ್ಳೆಯ ಕೆಲಸದ ಗುರುತು ಅದೇ ಎಂದು ನಂಬಿದ ಕೈ ಅದು.

ಚಿಕ್ಕೋಡಿಯಲ್ಲಿ ಪಂದ್ಯ. ಎದುರಿಗೆ ನಿಪ್ಪಾಣಿಯ ತಂಡ. ಸಿಮೆಂಟಿನ ಅಂಗಳ. ಮೊದಲ ಹೆಜ್ಜೆಗೇ ನನಗೆ ತಿಳಿಯಿತು, ಈ ಬೂಟು ಹಿಡಿಯುವುದಿಲ್ಲ ಎಂದು. ಗೆರೆಯಾಚೆ ಅಪ್ಪ ಬಿಳಿ ಧೋತರ ಉಟ್ಟು ನಿಂತಿದ್ದ. ಬಿಚ್ಚಿಡಲು ಮನಸ್ಸಾಗಲಿಲ್ಲ. ಚೆಂಡು ಹಿಡಿದು ತಿರುಗಿದೆ, ಕಾಲು ಒಂದು ಕಡೆ, ಮೈ ಒಂದು ಕಡೆ. ಮೊಣಕಾಲಿನಲ್ಲಿ ಏನೋ ಹರಿದ ಸದ್ದಾಯಿತು. ಅಪ್ಪ ಓಡಿಬಂದು ನನ್ನ ಪಾದವನ್ನು ಎರಡೂ ಕೈಯಲ್ಲಿ ಹಿಡಿದು, "ಬೂಟ್ ಜಾರ್ತೇನವಾ?" ಎಂದು ಕೇಳಿದ. ಆ ಮುಖ ನೋಡಿ ನಾನು ಅಂದೆ, "ಇಲ್ಲಪ್ಪಾ. ಏಳ ನಂಬರದಾಕಿ ದೂಡಿದ್ಲು."

ಏಳು ನಂಬರಿನ ಹುಡುಗಿ ನನ್ನ ಹತ್ತಿರ ಇದ್ದಳು, ಅಷ್ಟೇ. ನನ್ನನ್ನು ಎಬ್ಬಿಸಲು ಬಗ್ಗಿದ್ದಳು ಕೂಡ. ರೆಫರಿ ಆಕೆಯನ್ನು ಹೊರಗೆ ಕಳಿಸಿದರು. "ಮೀ ನಾಹೀ ಢಕಲಲಂ, ನಾ ದೂಡಿಲ್ರಿ," ಎಂದು ಆಕೆ ಮರಾಠಿಯಲ್ಲೊಮ್ಮೆ ಕನ್ನಡದಲ್ಲೊಮ್ಮೆ ಹೇಳುತ್ತಲೇ ಹೋದಳು. ನನ್ನ ಕಾಲು ಮತ್ತೆ ಸರಿಯಾಗಿ ಮಡಚಲಿಲ್ಲ. ಅಪ್ಪ ಆ ಬೂಟುಗಳನ್ನು ಒಂದು ತಗಡಿನ ಪೆಟ್ಟಿಗೆಯಲ್ಲಿ ಇಟ್ಟ. ಬಂದವರಿಗೆಲ್ಲ ತೆಗೆದು ತೋರಿಸುತ್ತಿದ್ದ. ತೋರಿಸಿ ಆ ನಿಪ್ಪಾಣಿ ಹುಡುಗಿಗೆ ಶಾಪ ಹಾಕುತ್ತಿದ್ದ.

ಗಾಡಿ ಹೊರಟಿತು. ಅಪ್ಪ ಪ್ಲಾಟ್‌ಫಾರ್ಮಿನ ಮೇಲೆ ಸ್ವಲ್ಪ ದೂರ ಜೊತೆಗೆ ನಡೆದ. ಅವನ ಚಪ್ಪಲಿಯ ಸದ್ದು ಗಾಡಿಯ ಗದ್ದಲದಲ್ಲಿ ಮುಳುಗಿಹೋಯಿತು.

ಮುಂಬಯಿ

ವಿಮಾನ ನಿಲ್ದಾಣದಲ್ಲಿ ತಪಾಸಣೆಯವರು ವೈನಿಯ ಕೈಚೀಲ ಹಿಡಿದರು. ಅದರಲ್ಲಿ ಆರಿ ಇತ್ತು, ಚರ್ಮಕ್ಕೆ ತೂತು ಹಾಕುವ ದಬ್ಬಣದಂಥ ಹತಾರ. ಆಕೆಯ ತವರಿನದು, ಹಿಡಿಕೆ ಸವೆದು ಅವಳ ಅಂಗೈಯ ಆಕಾರಕ್ಕೇ ಬಂದಿತ್ತು. ಬೇರೆ ಹತಾರಗಳನ್ನೆಲ್ಲ ದೊಡ್ಡ ಪೆಟ್ಟಿಗೆಯಲ್ಲಿ ಹಾಕಿದ್ದಳು. ಇದೊಂದನ್ನು ಕಣ್ಣಮುಂದೆ ಇರಲಿ ಎಂದು ಕೈಯಲ್ಲೇ ಇಟ್ಟುಕೊಂಡಿದ್ದಳು.

"ಇದರಲೆ ನಾ ಯಾರನ್ನ ಚುಚ್ಚಲಿ? ಹೇಳ ಅವರಿಗೆ, ಇದು ನನ್ನ ಹೊಟ್ಟಿ ಅಂತ ಹೇಳ," ಎಂದು ವೈನಿ ನನ್ನ ಭುಜ ಅಲುಗಿಸಿದಳು.

ಹೇಳಿದೆ. ಆ ಅಧಿಕಾರಿ ಒಳ್ಳೆಯವನೇ. ಆದರೆ ಆರಿ ಒಂದು ಪ್ಲಾಸ್ಟಿಕ್ ಡಬ್ಬಿಗೆ ಬಿತ್ತು, ಕತ್ತರಿಗಳ ಜೊತೆ, ಉಗುರು ಕತ್ತರಿಸುವ ಯಂತ್ರಗಳ ಜೊತೆ. ವಿಮಾನದಲ್ಲಿ ವೈನಿ ಊಟ ಮುಟ್ಟಲಿಲ್ಲ.

ಬುಸಾನ್, ಮೊದಲ ದಿನ

ಬುಸಾನ್ ಸಮುದ್ರದ ಊರು, ಗುಡ್ಡದ ಊರು. ಮನೆಗಳು ಗುಡ್ಡಕ್ಕೆ ಅಂಟಿಕೊಂಡಿವೆ. ಬೀದಿ ಎಂದು ಹೊರಟರೆ ಅದು ಮೆಟ್ಟಿಲಾಗಿಬಿಡುತ್ತದೆ. ಎಪ್ಪತ್ತು ದಾಟಿದ ಅಜ್ಜಿಯರು ಚೀಲ ಹೊತ್ತು ಆ ಮೆಟ್ಟಿಲು ಏರುತ್ತಾರೆ, ಮೂವತ್ತೊಂಬತ್ತರ ನಾನು ಹತ್ತು ಮೆಟ್ಟಿಲಿಗೊಮ್ಮೆ ಗೋಡೆ ಹಿಡಿದು ನಿಲ್ಲುತ್ತಿದ್ದೆ.

ಮೇಳದವರು ನಮಗೆ ದುಭಾಷಿಯಾಗಿ ಕೊಟ್ಟವರು ಪಾರ್ಕ್ ಎಂಬ ನಿವೃತ್ತ ಮಾಸ್ತರರು. ಪರಿಚಯವಾದ ತಕ್ಷಣ ಅವರು ಕೇಳಿದ್ದು ನನ್ನ ವಯಸ್ಸು. ಅಲ್ಲಿ ಅದು ರೂಢಿ. ವಯಸ್ಸು ತಿಳಿಯದೆ ಯಾವ ಗೌರವದಲ್ಲಿ ಮಾತಾಡಬೇಕೆಂದು ಅವರಿಗೆ ಗೊತ್ತಾಗುವುದಿಲ್ಲವಂತೆ. ನಮ್ಮಲ್ಲಿ ಮೊದಲು ಕೇಳುವುದು "ಯಾರ ಪೈಕಿ?" ಎಂದು. ಆ ಉತ್ತರ ಕೊಟ್ಟ ಮೇಲೆ ಚಹಾದ ಕಪ್ಪು ಬದಲಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ವಯಸ್ಸು ಹೇಳುವುದು ಎಷ್ಟೋ ಹಗುರ.

ಸಂಜೆ ಒಂದು ಊಟದ ಅಂಗಡಿಗೆ ಕರೆದೊಯ್ದರು. ಬಾಗಿಲಲ್ಲಿ ಪಾದರಕ್ಷೆ ಬಿಟ್ಟು ಒಳಗೆ ಹೋಗಿ ನೆಲದ ಮೇಲೆ ಕೂರಬೇಕು. ನೆಲ ಕೆಳಗಿನಿಂದ ಬೆಚ್ಚಗಿರುತ್ತದೆ. ವೈನಿ ಚಕ್ಕಳಮಕ್ಕಳ ಹಾಕಿ ಕೂತು, "ನಮ್ಮ ಮನೀ ಇದ್ದಂಗ ಐತಿ," ಎಂದು ಮೊದಲ ಸಲ ನಕ್ಕಳು. ನನಗೆ ಆಗಲಿಲ್ಲ. ಎಡಗಾಲನ್ನು ಮೇಜಿನ ಕೆಳಗೆ ಉದ್ದಕ್ಕೆ ಚಾಚಿದೆ. ಅದು ಆಚೆ ಕೂತಿದ್ದ ಒಬ್ಬ ಹಿರಿಯರ ತೊಡೆಗೆ ತಗುಲಿತು. ಅವರು ಗಾಬರಿಯಾಗಿ ತಲೆ ಬಾಗಿಸಿದರು. ನಾನೂ ಬಾಗಿಸಿದೆ. ಇಬ್ಬರೂ ಮೂರು ಮೂರು ಸಲ ಬಾಗಿಸಿದ ಮೇಲೆ ಒಂದು ಗತಿಗೆ ಬಂತು.

ಊಟ ಮುಗಿಸಿ ಬಾಗಿಲಿಗೆ ಬಂದರೆ ನಮ್ಮ ಚಪ್ಪಲಿಗಳ ಮೂತಿ ಬೀದಿಯ ಕಡೆ ತಿರುಗಿತ್ತು. ಯಾರೋ ಎತ್ತಿ ಹಾಗೆ ಜೋಡಿಸಿದ್ದರು. ವೈನಿಯ ಮುಖ ಸಣ್ಣದಾಯಿತು. "ಹೋಗ್ರಿನ್ನ ಅಂತ ಹೇಳಾಕತ್ತಾರೇನ?" ಎಂದಳು. ಪಾರ್ಕ್ ಮಾಸ್ತರರು ಕೈ ಅಲ್ಲಾಡಿಸಿದರು. ಹಾಗಲ್ಲವಂತೆ, ಹೊರಡುವವರಿಗೆ ಮೆಟ್ಟಿಕೊಳ್ಳಲು ಸುಲಭವಾಗಲಿ ಎಂದು ಅಂಗಡಿಯಾಕೆಯೇ ತಿರುಗಿಸಿಡುತ್ತಾಳಂತೆ. ನಮ್ಮ ಚಪ್ಪಲಿಯನ್ನು ಬೇರೆಯವರೊಬ್ಬರು ಕೈಯಲ್ಲಿ ಮುಟ್ಟಿ, ತಿರುಗಿಸಿ, ಜೋಡಿಸಿ ಇಟ್ಟದ್ದು ನಮ್ಮಿಬ್ಬರಿಗೂ ಅದೇ ಮೊದಲು. ಹೊಲಿಯುವವರ ಚಪ್ಪಲಿಯನ್ನು ಯಾರು ಮುಟ್ಟಬೇಕು? ವೈನಿ ಮತ್ತೆ ಒಳಗೆ ಹೋಗಿ ಆ ಅಂಗಡಿಯಾಕೆಗೆ ಕೈ ಮುಗಿದು ಬಂದಳು.

ಅಪ್ಪನ ಫೋನು ಬಂತು. "ಕೇಳಿದೇನ?"

"ಇನ್ನಾ ಇಲ್ಲಪ್ಪಾ. ಇವತ್ತ ಬಂದೇವಿ."

ಎರಡನೆಯ ದಿನ, ಮೆಟ್ಟಿಲ ಮೇಲಿನ ಅಂಗಡಿ

ಮರುದಿನ ಮೇಳದಲ್ಲಿ ವೈನಿ ಚರ್ಮ ಹರಡಿಕೊಂಡು ಕೂತಳು, ಆದರೆ ಆರಿ ಇಲ್ಲದೆ ಕೈಕಟ್ಟಿ ಹಾಕಿದಂತಾಗಿತ್ತು. ಪಾರ್ಕ್ ಮಾಸ್ತರರು ತಮ್ಮ ಗುಡ್ಡದಲ್ಲಿ ಬೂಟು ರಿಪೇರಿ ಮಾಡುವ ಒಬ್ಬ ಹೆಂಗಸನ್ನು ಬಲ್ಲೆ ಎಂದರು. ಹೆಸರು ಓಕ್‌ಸೂನ್. ಹೋದೆವು. ನೂರಾರು ಮೆಟ್ಟಿಲು.

ಒಂದೇ ಕೋಣೆಯ ಅಂಗಡಿ. ಗೋಡೆಯ ತುಂಬ ಹತಾರ. ಓಕ್‌ಸೂನ್ ಅಜ್ಜಿಗೆ ವೈನಿ ಗಾಳಿಯಲ್ಲೇ ತೂತು ಹಾಕಿ ತೋರಿಸಿದಳು. ಅಜ್ಜಿ ಗೋಡೆಯಿಂದ ಒಂದು ಆರಿ ತೆಗೆದುಕೊಟ್ಟಳು. ವೈನಿ ಅದನ್ನು ಹಿಡಿದು ತೂಗಿ ನೋಡಿ, "ಚಲೋ ಐತಿ," ಎಂದಳು. ಅದನ್ನು ಯಾರೂ ಅನುವಾದ ಮಾಡಬೇಕಾಗಲಿಲ್ಲ.

ಆಮೇಲೆ ಅಜ್ಜಿ ವೈನಿಯ ಚಪ್ಪಲಿ ಎತ್ತಿಕೊಂಡು ಬಗ್ಗಿಸಿದಳು. ಅದು ಕರ್ರೆಂದಿತು. ಅಜ್ಜಿ ಬೆಚ್ಚಿ, ಮತ್ತೆ ಬಗ್ಗಿಸಿದಳು. ನಾನು ಬೀಜದ ಕಥೆ ಹೇಳಿದೆ. ಪಾರ್ಕ್ ಮಾಸ್ತರರು ಕೊರಿಯನ್ನಿಗೆ ತಿರುಗಿಸಿದರು. ಹೇಳುತ್ತ ಹೇಳುತ್ತ ಅಪ್ಪನ ಪ್ರಶ್ನೆಯೂ ನನ್ನ ಬಾಯಿಂದ ಬಂದುಬಿಟ್ಟಿತು, ಆ ಆಟಗಾರನ ಬೂಟಿನ ಅಟ್ಟೆಯೊಳಗೆ ಏನಿರುತ್ತದೆ ಎಂದು.

ಅಜ್ಜಿ ಅದಕ್ಕೆ ಉತ್ತರ ಕೊಡಲಿಲ್ಲ. ತನ್ನ ಎರಡು ಕೈಗಳನ್ನು ನನ್ನ ಮುಂದೆ ಚಾಚಿದಳು. ಬೆರಳ ತುದಿಗಳು ಬೆಳ್ಳಗೆ, ನುಣ್ಣಗೆ ಇದ್ದವು. ಆ ಆರಿಯಿಂದಲೇ ತನ್ನ ತೋರುಬೆರಳನ್ನು ಚುಚ್ಚಿಕೊಂಡು ತೋರಿಸಿದಳು, ಮುಖದಲ್ಲಿ ಏನೂ ಆಗಲಿಲ್ಲ. ಹಿಂದೆ ಈ ಊರಿನ ತುಂಬ ಬೂಟಿನ ಕಾರ್ಖಾನೆಗಳಿದ್ದವಂತೆ. ಆ ಆಟಗಾರನ ಬೂಟಿನ ತಳ ಅಂಟಿಸುವ ಸಾಲಿನಲ್ಲಿ ಆಕೆ ಹನ್ನೊಂದು ವರ್ಷ ಕೂತಿದ್ದಳಂತೆ. ಅಂಟಿನ ವಾಸನೆ ತಲೆಗೇರುತ್ತಿತ್ತು, ಬೆರಳು ನಿಧಾನವಾಗಿ ಸತ್ತವು. ಒಂದು ಸೋಮವಾರ ಕೆಲಸಕ್ಕೆ ಹೋದರೆ ಗೇಟಿಗೆ ಸರಪಳಿ ಬಿದ್ದಿತ್ತು. ಕೂಲಿ ಕಡಿಮೆಯ ಬೇರೆ ದೇಶಕ್ಕೆ ಕೆಲಸ ಹೋಗಿತ್ತು.

ಆ ಬೂಟನ್ನು ಎಂದಾದರೂ ಹಾಕಿಕೊಂಡಿದ್ದಿರಾ ಎಂದು ಕೇಳಿದೆ. ಅಜ್ಜಿ ಮೊದಲ ಸಲ ನಕ್ಕಳು.

ನಮ್ಮ ಮೇಳದ ಪಕ್ಕದ ಸಭಾಂಗಣದಲ್ಲೇ ಆ ಬೂಟಿನ ಚರಿತ್ರೆಯ ಪ್ರದರ್ಶನ ನಡೆದಿತ್ತು. ಅದು ಅಜ್ಜಿಗೆ ಗೊತ್ತಿರಲಿಲ್ಲ. ಪಾರ್ಕ್ ಮಾಸ್ತರರು ಹೇಳಿದಾಗ ಆಕೆ ಅಂಗಡಿಯ ಬಾಗಿಲು ಎಳೆದುಕೊಂಡು ನಮ್ಮ ಜೊತೆ ಹೊರಟೇಬಿಟ್ಟಳು.

ಗಾಜಿನ ಪೆಟ್ಟಿಗೆಗಳ ಸಾಲು

ಒಳಗೆ ಕತ್ತಲು, ಬೂಟುಗಳ ಮೇಲೆ ಮಾತ್ರ ಬೆಳಕು. ಗುಡಿಗೆ ಬಂದವರಂತೆ ಜನ ಪಿಸುಮಾತಿನಲ್ಲಿದ್ದರು. ಎದುರು ಗೋಡೆಯ ತುಂಬ ಆ ಆಟಗಾರನ ಸಹಿ, ಅದರ ಪಕ್ಕ ಅವನ ಅಂಗಿಯ ನಂಬರು, ಆಳೆತ್ತರ. ವೈನಿ ಆ ಸಹಿಯನ್ನು ದಿಟ್ಟಿಸಿ ನೋಡಿ ಕೇಳಿದಳು.

"ಬೂಟ್ ಹೊಲದಾವ ಇವನೇನ?"

"ಇಲ್ಲ ವೈನಿ. ಇವ ಹಾಕ್ಕೊಂಡ ಆಡಿದಾವ."

"ಮತ್ತ ಸಹಿ ಇವಂದ್ಯಾಕ?"

ಇದಕ್ಕೆ ಉತ್ತರ ಅಲ್ಲಿನ ಯಾವ ಫಲಕದಲ್ಲೂ ಇರಲಿಲ್ಲ. ಉಳಿದದ್ದೆಲ್ಲ ಇತ್ತು. ಹಿಂದೆ ಆಟಗಾರರು ಸಾದಾ ಬಟ್ಟೆಯ ಬೂಟು ಹಾಕುತ್ತಿದ್ದುದು, ಆಮೇಲೆ ಒಂದು ಕಂಪನಿಗೆ ಬೂಟಿನ ಮೇಲೆ ಒಬ್ಬ ಆಟಗಾರನ ಹೆಸರು ಹಾಕಿದರೆ ಹೇಗೆ ಎಂದು ಹೊಳೆದದ್ದು, ಬಣ್ಣ ಹೆಚ್ಚಾಯಿತೆಂದು ಆಟದ ಹಿರಿಯರು ತಕರಾರು ತೆಗೆದದ್ದು, ತಕರಾರಿನಿಂದಲೇ ಮಾರಾಟ ಏರಿದ್ದು. ವರ್ಷಕ್ಕೊಂದು ಹೊಸ ಬೂಟು. ಆಟಗಾರ ಆಟ ಬಿಟ್ಟ ಮೇಲೂ ಬೂಟು ನಿಲ್ಲಲಿಲ್ಲ, ಹಳೆಯದನ್ನೇ ಮತ್ತೆ ಹೊಸದಾಗಿ ತಂದರು. ಜನ ಅಂಗಡಿಯ ಮುಂದೆ ಮಲಗಿ ಕಾದರು. ಒಂದು ಮೂಲೆಯಲ್ಲಿ ಸಣ್ಣ ಅಕ್ಷರದ ಫಲಕವಿತ್ತು. ಈ ಬೂಟನ್ನು ಕಾಲಿನಿಂದ ಕಿತ್ತುಕೊಳ್ಳಲು ಅಮೆರಿಕದಲ್ಲಿ ಹುಡುಗರು ಹುಡುಗರನ್ನೇ ಕೊಂದದ್ದುಂಟು ಎಂದು ಅದರಲ್ಲಿತ್ತು. ಅದರ ಮುಂದೆ ನಮ್ಮನ್ನು ಬಿಟ್ಟು ಬೇರೆ ಯಾರೂ ನಿಂತಿರಲಿಲ್ಲ.

ಓಕ್‌ಸೂನ್ ಅಜ್ಜಿ ಬೂಟಿನ ಮೇಲ್ಭಾಗ ನೋಡಲೇ ಇಲ್ಲ. ಪೆಟ್ಟಿಗೆಗಳ ಮುಂದೆ ಬಗ್ಗಿ ಬಗ್ಗಿ ತಳದ ಅಂಚನ್ನು ನೋಡುತ್ತ ಹೋದಳು. ಒಂದರ ಮುಂದೆ ನಿಂತು ಗಾಜಿಗೆ ಬೆರಳು ಒತ್ತಿದಳು. "ಇದು ನಮ್ಮ ಸಾಲಿನದು," ಎಂದಳಂತೆ. ಹೇಗೆ ಗೊತ್ತು ಎಂದರೆ, ಅಂಟಿನ ಗೆರೆ ಅಷ್ಟು ತೆಳ್ಳಗೆ ಬರುತ್ತಿದ್ದುದು ನಮ್ಮ ಸಾಲಿನಲ್ಲಿ ಮಾತ್ರ ಎಂದಳು. ಆಮೇಲೆ ಏನೋ ಮೆಲ್ಲಗೆ ಹೇಳಿದಳು. ಪಾರ್ಕ್ ಮಾಸ್ತರರು ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ಹನ್ನೊಂದು ವರ್ಷ ಕಾರ್ಖಾನೆಯಲ್ಲಿ ಯಾರೂ ಆಕೆಯನ್ನು ಹೆಸರಿನಿಂದ ಕರೆಯಲಿಲ್ಲವಂತೆ. ಆಕೆ ಅಲ್ಲಿ ನಲವತ್ತೊಂದು ನಂಬರು.

ನಾನೂ ಒಬ್ಬಳನ್ನು ನಂಬರಿನಿಂದಲೇ ಕರೆದವಳು.

ಆ ಪೆಟ್ಟಿಗೆಯ ಕೆಳಗೆ ಕನ್ನಡಿ ಇತ್ತು, ತಳ ಕಾಣಲೆಂದು. ಹೆಬ್ಬೆರಳಿನ ಬುಡ ಬರುವ ಜಾಗದಲ್ಲಿ ರಬ್ಬರಿನಲ್ಲಿ ಒಂದರೊಳಗೊಂದು ಸುತ್ತುಗೆರೆಗಳು. ಆಟಗಾರ ತಿರುಗುವುದು ಆ ಜಾಗದ ಮೇಲೆ. ಚಿಕ್ಕೋಡಿಯಲ್ಲಿ ನಾನು ತಿರುಗಿದ್ದೂ ಅದೇ ಜಾಗದ ಮೇಲೆ, ಅಪ್ಪ ಕನ್ನಡಿಯಂತೆ ಉಜ್ಜಿದ ಚರ್ಮದ ಮೇಲೆ. ಗೋಡೆಯ ಮೇಲಿನ ಪರದೆಯಲ್ಲಿ ಹಳೆಯ ಆಟ ಓಡುತ್ತಿತ್ತು, ಬೂಟುಗಳು ಕಿರ್ರೆನ್ನುತ್ತಿದ್ದವು. ಅಜ್ಜಿ ಆ ಕಡೆ ಕೈ ತೋರಿಸಿ ನನ್ನ ಪ್ರಶ್ನೆಗೆ ಆಗ ಉತ್ತರ ಕೊಟ್ಟಳು. ರಬ್ಬರು ನೆಲವನ್ನು ಗಟ್ಟಿಯಾಗಿ ಹಿಡಿದಾಗ ಹಾಗೆ ಕೂಗುತ್ತದೆ. ಒಳಗೆ ಏನೂ ಇಲ್ಲ. ಹಿಡಿಯದ ಬೂಟು ಆ ಸದ್ದು ಮಾಡುವುದಿಲ್ಲ, ಸುಮ್ಮನೆ ಜಾರುತ್ತದೆ.

ಅಷ್ಟನ್ನು ವೈನಿಗೆ ಕನ್ನಡದಲ್ಲಿ ಹೇಳಿ, ನಾನು ಗಾಜಿಗೆ ಹಣೆ ಹಚ್ಚಿ ಅತ್ತೆ. ಕಾವಲಿನವನು ಬಂದು ಗಾಜು ಮುಟ್ಟಬೇಡಿ ಎಂದು ವಿನಯದಿಂದ ಹೇಳಿದ.

ಕೊನೆಯ ದಿನ, ಬಂದರದ ಕಟ್ಟೆ

ವೈನಿಯ ವೇಣಿಗಳನ್ನು ನೋಡಲು ಜನ ಮುಗಿಬಿದ್ದರು. ಆ ಸಂಭ್ರಮದ ವಿವರ ಇಲ್ಲಿ ಬೇಡ. ಕೊನೆಯ ದಿನ ಬೆಳಿಗ್ಗೆ ಇಬ್ಬರೂ ಬಂದರದ ಕಟ್ಟೆಯ ಮೇಲೆ ಕೂತಿದ್ದೆವು. ಮೀನಿನ ವಾಸನೆ, ಮೈ ಕೊರೆಯುವ ಗಾಳಿ. ಅಪ್ಪನ ಫೋನು ಬಂತು. "ಕೇಳಿದೇನ?" ಎಂದ. ಊರಿಗೆ ಬಂದು ಹೇಳುತ್ತೇನೆ ಎಂದು ಇಟ್ಟುಬಿಟ್ಟೆ. ವೈನಿ ನನ್ನನ್ನೇ ನೋಡುತ್ತಿದ್ದಳು.

"ನಿನ್ನ ಒಂದ ಕೇಳತೀನಿ ಸುನಂದಾ, ಖರೇ ಹೇಳು. ಮೊನ್ನೆ ಆ ಮುದುಕಿ ಬೂಟ್ ಜಾರತೈತಿ ಅಂದಾಗ ನೀ ಯಾಕ ಅತ್ತಿ? ಅವತ್ತ ಆ ಏಳ ನಂಬರದಾಕಿ ನಿನ್ನ ದೂಡಿದ್ಲೋ ಇಲ್ಲೋ?"

ನಾನು ಇಲ್ಲವೆಂದು ತಲೆಯಾಡಿಸಿದೆ. ಅಷ್ಟು ಸುಲಭ ಅದು. ಇಪ್ಪತ್ನಾಲ್ಕು ವರ್ಷ ಬೇಕಾಯಿತು.

ವೈನಿಯ ತವರು ನಿಪ್ಪಾಣಿ. ಆಕೆ ಸಮುದ್ರದ ಕಡೆ ಮುಖ ಮಾಡಿ ಹೇಳಿದಳು.

"ಆಕಿ ನಮ್ಮ ತವರಮನಿ ಓಣ್ಯಾಗ ಅದಾಳ. ನನಗ ಲಗ್ನಾ ಆಗಿ ಬಂದ ಮ್ಯಾಲೆ ಗೊತ್ತಾತು, ಮಾವನೋರು ಬೈಯ್ಯೋದು ಆಕೀನ್ನ ಅಂತ. ನಾ ಸುಮ್ಮನಿದ್ದೆ. ಮುರದದ್ದು ನನ್ನ ನಾದಿನಿ ಕಾಲು, ನಾ ಏನ ಹೇಳಲಿ? ಆ ಮ್ಯಾಚ್ ಆದ ಮ್ಯಾಲೆ ಆಕೀನ್ನ ಟೀಮಿನಿಂದ ತಗದ್ರು. ಮಂದೀ ಮಾತಿಗೆ ಅಂಜಿ ಅವರಪ್ಪ ಸಾಲೀನೂ ಬಿಡಿಸಿದ. ಹದಿನಾರಕ್ಕ ಲಗ್ನಾ. ಈಗ ಬೀಡಿ ಕಟ್ಟತಾಳ. ಓಣ್ಯಾಗ ಆಕೀನ್ನ ಏನಂತ ಕರೀತಾರ ಗೊತ್ತೈತೇನ? ಕಾಲ ಮುರದಾಕಿ. ಯಾರೂ ಹೆಸರ ಹಿಡದ ಕರಿಯಂಗಿಲ್ಲ. ನಾನೂ ಕರದಿಲ್ಲ."

ಹಾಳಾಗಿದ್ದು ನನ್ನ ಕಾಲೊಂದೇ ಎಂದು ನಾನು ಅಂದುಕೊಂಡಿದ್ದೆ. ಅಪ್ಪನ ಮನಸ್ಸು ಉಳಿಸಿದೆ ಎಂದು ಒಳಗೊಳಗೇ ಹೆಮ್ಮೆಯೂ ಇತ್ತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ವೈನಿ ತನ್ನ ಶಾಲು ತೆಗೆದು ನನ್ನ ಮೊಣಕಾಲಿಗೆ ಸುತ್ತಿದಳು, ಚಳಿಗೆ ಅದು ನೋಯುತ್ತದೆಂದು ಅವಳಿಗೆ ಗೊತ್ತು. ಸುತ್ತುವಾಗ ನನ್ನ ಮುಖ ಮಾತ್ರ ನೋಡಲಿಲ್ಲ.

ಅಥಣಿ

ಅಪ್ಪ ಪಡಸಾಲೆಯಲ್ಲಿ ಕೂತಿದ್ದ. ಹೊಲಿಗೆಯ ಕಲ್ಲಿನ ಮುಂದೆ, ಅಭ್ಯಾಸದಂತೆ. ಕಣ್ಣು ಈಗ ಮಂಜು, ಆದರೂ ಚರ್ಮ ಬೆರಳಿಗೆ ಕಾಣುತ್ತದೆ. ನಾನು ಕುರ್ಚಿ ಎಳೆದು ಎದುರಿಗೆ ಕೂತೆ.

"ಬೀಜಾ ಇಲ್ಲಪ್ಪಾ. ಅದು ರಬ್ಬರ್. ನೆಲಾ ಹಿಡದಾಗ ಆ ಸಪ್ಪಳಾ ಬರತೈತಿ."

ಅವನ ಕೈ ನಿಂತಿತು. "ನೆಲಾ ಹಿಡದಾಗ," ಎಂದು ತಾನೇ ಒಮ್ಮೆ ಹೇಳಿಕೊಂಡ. ಎದ್ದು ಹೋಗಿ ತಗಡಿನ ಪೆಟ್ಟಿಗೆ ತಂದ. ಕೆಂಪು ಬೂಟೊಂದನ್ನು ಮಗುಚಿ ಹಾಕಿ ತಳದ ಮೇಲೆ ಹೆಬ್ಬೆರಳು ಆಡಿಸಿದ. ಹೆಬ್ಬೆರಳು ಜಾರಿತು. ಮತ್ತೆ ಆಡಿಸಿದ.

"ಹಂಗಾರ ಆ ಹುಡುಗಿ?"

"ದೂಡಿದ್ದಿಲ್ಲಪ್ಪಾ. ನಾ ಸುಳ್ಳ ಹೇಳಿದೆ."

ಬೈಯುತ್ತಾನೆ ಎಂದುಕೊಂಡೆ. ಅತ್ತರೆ ಹೇಗೆ ಎಂದು ಹೆದರಿದ್ದೆ. ಅಪ್ಪ ಎರಡೂ ಮಾಡಲಿಲ್ಲ. ರಂಪಿ ತೆಗೆದುಕೊಂಡ, ಚರ್ಮ ಕೊಯ್ಯುವ ಅಗಲ ಬಾಯಿಯ ಚೂರಿ. ತನ್ನದೇ ಹೊಲಿಗೆಯನ್ನು ಒಂದೊಂದಾಗಿ ಕೊಯ್ದು ಅಟ್ಟೆ ಬಿಚ್ಚಿದ. ಒಳಗಿನ ಬೀಜಗಳು ಒಣಗಿ ಕಪ್ಪಾಗಿದ್ದವು. ಅವನ್ನು ಅಂಗೈಗೆ ಸುರಿದುಕೊಂಡು ಹೇಳಿದ, "ಚರ್ಮಾ ತಪ್ಪಿತ್ತು ಅಂತ ಹೇಳಿದ್ರ ಬಿಚ್ಚಿ ಮತ್ತ ಹೊಲೀತಿದ್ನಲ್ಲವಾ. ನನ್ನ ಕೆಲಸಾನ ಅದು. ಯಾಕ ಹೇಳಲಿಲ್ಲ?"

ನಾನು ಅವನು ಬಿಚ್ಚಿದ ಅಟ್ಟೆಯನ್ನು ಕೈಗೆತ್ತಿಕೊಂಡೆ.

"ಇಷ್ಟ ವರ್ಷಾ ನಾ ಯಾರೋ ಮಗಳಿಗೆ ಶಾಪಾ ಹಾಕೇನಿ," ಎಂದ. ಬೀಜಗಳನ್ನು ಕಿಟಕಿಯಿಂದ ಹೊರಗೆ ಎಸೆದ. "ನಿಪ್ಪಾಣಿಗೆ ಹೋಗು. ಆಕಿ ಕಾಲಿನ ಅಳತಿ ತಗೊಂಡ ಬಾ."

ಅಳತೆ ತೆಗೆದುಕೊಳ್ಳುವುದೆಂದರೆ ನಮ್ಮಲ್ಲಿ ನೆಲಕ್ಕೆ ಕೂತು, ಅವರ ಪಾದವನ್ನು ಕೈಯಲ್ಲಿ ಹಿಡಿದು, ಕಾಗದದ ಮೇಲೆ ಊರಿಸಿ ಸುತ್ತ ಗೆರೆ ಎಳೆಯುವುದು. ಮೊಣಕಾಲು ಮಡಚದೆ ಆಗುವ ಕೆಲಸವಲ್ಲ.

"ನ‌ನಗ ಬಗ್ಗಾಕ ಬರಂಗಿಲ್ಲಪ್ಪಾ. ನೀನೂ ಬಾ."

"ಸುಳ್ಳ ಹೇಳಿದಾಕಿ ನೀ. ಕಾಲ ನೀನ ಹಿಡೀಬೇಕು."

ನಿಪ್ಪಾಣಿ

ವೈನಿ ಓಣಿಯ ತುದಿಯವರೆಗೆ ಬಂದು ಮನೆ ತೋರಿಸಿ ನಿಂತಳು. ತಂಬಾಕಿನ ಘಾಟು ಮೂಗಿಗೆ ಹೊಡೆಯುತ್ತಿತ್ತು. ಏಳು ನಂಬರಿನಾಕೆ ಬಾಗಿಲ ಕಟ್ಟೆಯ ಮೇಲೆ ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಸುತ್ತುತ್ತಿದ್ದಳು. ನಾನು ಕುಂಟುತ್ತ ಬಂದದ್ದನ್ನು ನೋಡಿದಳು. ಕಾಲು ನೋಡಿದಳು, ಆಮೇಲೆ ಮುಖ.

"ಅಥಣಿ ಹನ್ನೊಂದ ನಂಬರ್ ಅಲ್ಲೇನ್ರಿ?" ಎಂದಳು.

ಅದು ನನ್ನ ಅಂಗಿಯ ನಂಬರು. ಹೌದೆಂದೆ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಹೋಯಿತು. "ನೀವ ದೂಡಿರಲಿಲ್ಲ, ನಾನ ಜಾರಿದ್ದೆ, ಸುಳ್ಳ ಹೇಳಿದೆ," ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ. ಕಾಗದ ತೆಗೆದು ಕಟ್ಟೆಯ ಕೆಳಗೆ ಕೂರಲು ಹೋದೆ. ಮೊಣಕಾಲು ಮಡಚಲಿಲ್ಲ. ಕಟ್ಟೆ ಹಿಡಿದು, ಎಡಗಾಲು ಬೀದಿಗೆ ಚಾಚಿ, ಹೇಗೋ ನೆಲಕ್ಕೆ ಇಳಿದು ಆಕೆಯ ಪಾದದ ಕಡೆ ಕೈ ಚಾಚಿದೆ. ಆಕೆ ಪಾದಗಳನ್ನು ಸೀರೆಯೊಳಗೆ ಎಳೆದುಕೊಂಡಳು.

"ಬ್ಯಾಡ್ರಿ. ಚಪ್ಪಲ್ ಅದಾವ ನನಗ."

"ನಮ್ಮಪ್ಪ ಕಳಿಸ್ಯಾನ್ರಿ."

"ನಮ್ಮಪ್ಪ ಹೋಗಿ ಆರ ವರ್ಷ ಆತು," ಎಂದಳು. ದನಿ ಏರಲಿಲ್ಲ. ಕೈ ಬೀಡಿ ಸುತ್ತುತ್ತಲೇ ಇತ್ತು. "ಹೋಗೂತನಕಾ ನಾ ದೂಡೇನಿ ಅಂತನ ತಿಳಕೊಂಡಿದ್ರು. ಇಲ್ಲ ಅಂತ ಎಷ್ಟ ಆಣಿ ಮಾಡಿದೆ. ರೆಫರಿ ಸುಳ್ಳ ಹೇಳತಾರೇನ ಅಂದ್ರು. ನನ್ನ ಮಗಳೂ ಕೇಳತಾಳ, ಖರೇನ ಕಾಲ ಮುರದಿದ್ದೇನ ಅಂತ. ನೀವ ಈಗ ಕಾಲ ಹಿಡದ್ರ ಇಲ್ಲಿ ನೋಡಾವ್ರು ಯಾರ?"

ಓಣಿ ಖಾಲಿಯಾಗಿತ್ತು.

"ನೀವ ಅಂಚೀ ಆಫೀಸಿನಾಗ ಅದೀರಂತ. ಬರ್ಯಾಕ ಬರತೈತಲ್ಲ? ಬರೀರಿ. ಮಂದಿ ಓದೂವಂಗ ಬರೀರಿ. ನಂಬರ್ ಅಲ್ಲ, ಹೆಸರ ಹಾಕಿ ಬರೀರಿ." ಎದ್ದು ಒಳಗೆ ಹೋಗುವ ಮುನ್ನ ತನ್ನ ಹೆಸರು ಹೇಳಿದಳು. ನಾನು ಅದನ್ನು ಅಳತೆಗೆಂದು ತಂದ ಕಾಗದದ ಮೇಲೆ ಬರೆದುಕೊಂಡೆ. ನೆಲದಿಂದ ನನ್ನನ್ನು ಎಬ್ಬಿಸಲು ಈ ಸಲ ಆಕೆ ಬಗ್ಗಲಿಲ್ಲ. ವೈನಿ ಬಂದು ಎಬ್ಬಿಸಿದಳು.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. "ಬರಿ. ಬೂಟ್ ನಂದು, ಜಾರಿತು ಅಂತನೂ ಬರಿ," ಎಂದ.

ಬುಸಾನ್ ಹೇಗಿತ್ತು ಎಂದು ಕಚೇರಿಯಲ್ಲಿ, ಬಸ್ಸಿನಲ್ಲಿ ಎಲ್ಲರೂ ಕೇಳುತ್ತಾರೆ. ಅಲ್ಲಿಂದ ತಂದದ್ದು ಇಷ್ಟೇ. ಚಿಕ್ಕೋಡಿಯ ಆ ಅಂಗಳದಲ್ಲಿ ಏಳು ನಂಬರಿನ ಅಂಗಿ ಹಾಕಿದ್ದವಳ ಹೆಸರು ಸುರೇಖಾ. ಸುರೇಖಾ ನನ್ನನ್ನು ದೂಡಲಿಲ್ಲ. ನಾನು ಜಾರಿ ಬಿದ್ದೆ.